ಹೊಸ್ತಿಲಿಗೆ ಬಂದ ನೂಲು

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದಿದ್ದ ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು 1905ರಲ್ಲಿ ಬಿಚ್ಚಿ ಓದಿದ ಆರ್. ಶಾಮಾಶಾಸ್ತ್ರಿಗಳು, ಬಹುಕಾಲದಿಂದ ಹೆಸರಾಗಿ ಮಾತ್ರ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂಬುದನ್ನು ಕಂಡುಕೊಂಡು, 1909ರಲ್ಲಿ ಅದನ್ನು ಅಚ್ಚಿಗೆ ತಂದ ವೃತ್ತಾಂತ ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಆ ಗ್ರಂಥವನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ದುರ್ಗನಿರ್ಮಾಣ, ಗೂಢಚಾರರು, ಸಂಧಿವಿಗ್ರಹ ಇವುಗಳ ಕಡೆಗೆ ಧಾವಿಸುವರೇ ಹೊರತು, ಎರಡನೆಯ ಅಧಿಕರಣದಲ್ಲಿ ಸುಂಕದ ಅಧಿಕಾರಿಗೂ ಬೇಸಾಯದ ಅಧಿಕಾರಿಗೂ ನಡುವೆ ಇಕ್ಕಟ್ಟಿನಲ್ಲಿ ಕುಳಿತಿರುವ ಸೂತ್ರಾಧ್ಯಕ್ಷನ ಬಳಿ, ಎಂದರೆ ನೂಲಿನ ಇಲಾಖೆಯ ಮುಖ್ಯಸ್ಥನ ಬಳಿ, ನಿಲ್ಲುವವರು ವಿರಳ. ನಾನು ಅಲ್ಲಿ ನಿಂತುದೂ ಆಕಸ್ಮಿಕವಾಗಿಯೇ.

ಉಣ್ಣೆ, ನಾರು, ಹತ್ತಿ, ಬೂರುಗದ ಹತ್ತಿ, ಸೆಣಬು ಮುಂತಾದವನ್ನು ನೂಲುವುದಕ್ಕೆ ಯಾರನ್ನು ನಿಯಮಿಸಬೇಕೆಂದು ಹೇಳುತ್ತ ಕೌಟಿಲ್ಯನು ವಿಧವೆಯರು, ನ್ಯಂಗೆಯರು, ಕನ್ಯೆಯರು, ಸಂನ್ಯಾಸಿನಿಯರು, ದಂಡವನ್ನು ದುಡಿಮೆಯಿಂದ ತೀರಿಸುವವರು, ಅರಮನೆಯ ಮುದಿ ದಾಸಿಯರು, ದೇವಾಲಯದ ಸೇವೆಯಿಂದ ಬಿಡುಗಡೆಯಾದವರು ಎಂದು ಒಂದು ಪಟ್ಟಿಯನ್ನು ಕೊಡುತ್ತಾನೆ. ನ್ಯಂಗೆ ಎಂದರೆ ಅಂಗವಿಕಲೆ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಎಲ್ಲ ಕಾಲದಲ್ಲಿಯೂ ಅಗ್ಗದ ಕೂಲಿಗೆ ದೊರೆಯುವವರು ಬೇರೆ ಗತಿಯಿಲ್ಲದವರೇ. ಆಶ್ಚರ್ಯವಿರುವುದು ಕೆಲವು ಸಾಲುಗಳ ಮುಂದೆ. ಮನೆಯಿಂದ ಹೊರಗೆ ಕಾಲಿಡದವರು, ಗಂಡ ಪರಸ್ಥಳಕ್ಕೆ ಹೋಗಿರುವವರು, ವಿಧವೆಯರು, ಅಂಗವಿಕಲೆಯರು, ಕನ್ಯೆಯರು ಇವರಲ್ಲಿ ತಮ್ಮ ಹೊಟ್ಟೆಯನ್ನು ತಾವೇ ಹೊರೆದುಕೊಳ್ಳಬೇಕಾದವರಿಗೆ ಅಧ್ಯಕ್ಷನು ತನ್ನ ದಾಸಿಯರನ್ನು ಕಳುಹಿಸಿ, ಅವರಿದ್ದಲ್ಲಿಗೇ ಕೆಲಸವನ್ನು ತಲುಪಿಸಿ, ಗೌರವದಿಂದ ಮಾಡಿಸಿಕೊಳ್ಳತಕ್ಕದ್ದು ಎಂದು ಅಲ್ಲಿದೆ. ತಾವಾಗಿಯೇ ನೂಲಿನ ಶಾಲೆಗೆ ಬರಬಲ್ಲವರಿದ್ದರೆ ಬೆಳಗಿನ ಜಾವದಲ್ಲಿ ಅವರಿಂದ ನೂಲನ್ನು ಪಡೆದು ಕೂಲಿಯನ್ನು ಕೊಡಬೇಕು. ಅಲ್ಲಿ ದೀಪವಿರಬೇಕಾದುದು ನೂಲನ್ನು ಪರೀಕ್ಷಿಸುವುದಕ್ಕೆ ಮಾತ್ರ. ಅಧಿಕಾರಿಯು ಹೆಂಗಸಿನ ಮುಖವನ್ನು ನೋಡಿದರೆ, ಕೆಲಸಕ್ಕೆ ಸಂಬಂಧಿಸದ ಮಾತನ್ನಾಡಿದರೆ, ಅವನಿಗೆ ದಂಡ. ಕೂಲಿ ಕೊಡುವ ಹೊತ್ತನ್ನು ಮೀರಿದರೆ ಇನ್ನೂ ಹೆಚ್ಚಿನ ದಂಡ. ಮುಂಜಾವಿನ ಕತ್ತಲಲ್ಲಿ, ಒಂದು ಸೊಡರಿನ ಬೆಳಕು ಬಿದ್ದಷ್ಟು ಜಾಗದಲ್ಲಿ, ಎರಡು ಕೈಗಳ ನಡುವೆ ನೂಲಿನ ಲಡಿಯೊಂದು ದಾಟುವ ಆ ಚಿತ್ರ ಅಂದಿನಿಂದ ನನ್ನ ಮನಸ್ಸನ್ನು ಬಿಟ್ಟುಹೋಗಿಲ್ಲ.

ಇದು ಕರುಣೆಯ ಶಾಸನವೆಂದು ಯಾರೂ ಮೈಮರೆಯಬೇಕಾಗಿಲ್ಲ. ಕೌಟಿಲ್ಯನಿಗೆ ಬೇಕಾಗಿದ್ದುದು ನೂಲು. ನುಣುಪಾಗಿ ಹೆಚ್ಚು ನೂತವರಿಗೆ ಎಣ್ಣೆಯನ್ನೂ ನೆಲ್ಲಿಯ ಚೂರ್ಣವನ್ನೂ ಉಡುಗೊರೆ ಕೊಡಿಸುವ ಅದೇ ಲೇಖನಿ, ಕೂಲಿಯನ್ನು ತೆಗೆದುಕೊಂಡು ಕೆಲಸ ಮಾಡದವಳ ಹೆಬ್ಬೆರಳಿಗೆ ಶಿಕ್ಷೆ ವಿಧಿಸುತ್ತದೆ. ನ್ಯಂಗೆಯರಿಗೆ ಕೆಲಸ ಕೊಡುವ ಇಲಾಖೆಯು ಹೀಗೆ ಹೊಸ ನ್ಯಂಗೆಯರನ್ನು ತಾನೇ ತಯಾರಿಸಬಲ್ಲುದಾಗಿತ್ತು. ಆದರೂ ಒಂದು ವಿಷಯವನ್ನು ಆ ಕಠಿನಹೃದಯಿಯಾದ ಬ್ರಾಹ್ಮಣನು ಬಹು ಚೆನ್ನಾಗಿ ಅರಿತಿದ್ದನು: ದುಡಿಯಬಲ್ಲ ಕೈಗೂ ದುಡಿಮೆಗೂ ನಡುವೆ ಒಂದು ದಾರಿಯುಂಟು, ಆ ದಾರಿಯನ್ನು ಇಬ್ಬರಲ್ಲಿ ಒಬ್ಬರು ನಡೆಯಲೇಬೇಕು, ನಡೆಯಲಾರದವರಿಗೆ ನಡೆಯಿರೆಂದು ಹೇಳುವುದರಿಂದ ನೂಲು ಹುಟ್ಟುವುದಿಲ್ಲ.

ಇನ್ನೊಂದು ಕಡೆ ಅವನು ಬೈಗುಳಗಳಿಗೆ ದರ ಕಟ್ಟಿದ್ದಾನೆ. ಒಕ್ಕಣ್ಣನನ್ನು ಒಕ್ಕಣ್ಣನೆಂದೂ ಕುಂಟನನ್ನು ಕುಂಟನೆಂದೂ ಹಳಿದರೆ, ಮಾತು ನಿಜವೇ ಆದರೂ, ಮೂರು ಪಣ, ಸುಳ್ಳಾದರೆ ಆರು, ಆ ಒಕ್ಕಣ್ಣನನ್ನೇ ಕುರಿತು ‘ಎಂತಹ ಚೆಲುವಾದ ಕಣ್ಣಯ್ಯಾ ನಿನ್ನದು’ ಎಂದು ಹೊಗಳಿಕೆಯ ವೇಷದಲ್ಲಿ ಚುಚ್ಚಿದರೆ ಹನ್ನೆರಡು. ಕುರುಡ ಕುಂಟ ಎಂಬ ಒರಟು ಮಾತುಗಳನ್ನು ಬಿಟ್ಟು ನಾವು ಅಂಗವಿಕಲ ಎಂದೆವು, ಅದನ್ನೂ ಬಿಟ್ಟು ವಿಕಲಚೇತನ ಎಂದೆವು. ಅಂಗದಲ್ಲಿದ್ದ ಊನವನ್ನು ಚೇತನಕ್ಕೆ ಏರಿಸಿದಂತಾಯಿತಲ್ಲ ಎಂದು ಯಾವ ವೈಯಾಕರಣನೂ ತಡೆಯಲಿಲ್ಲ. ಈಚೆಗೆ ಬಂದಿರುವ ದಿವ್ಯಾಂಗ ಎಂಬ ಶಬ್ದವನ್ನು ಕೌಟಿಲ್ಯನು ಮೂರು ಪಣದ ಸಾಲಿಗೆ ಸೇರಿಸುತ್ತಿದ್ದನೋ ಹನ್ನೆರಡರ ಸಾಲಿಗೋ, ವಾಚಕರೇ ಊಹಿಸಿಕೊಳ್ಳಬಹುದು.

ತಾಳೆಗರಿಯ ಕಟ್ಟು ಬಿಚ್ಚಿಕೊಂಡ ಅದೇ ಮೈಸೂರಿನಲ್ಲಿ, ಅದಕ್ಕೆ ನಾಲ್ಕು ವರ್ಷ ಮೊದಲು, 1901ರಲ್ಲಿ, ಎಂ. ಶ್ರೀನಿವಾಸರಾಯರ ಪ್ರಯತ್ನದಿಂದ ಕಿವುಡರಿಗೂ ಕುರುಡರಿಗೂ ಒಂದು ಶಾಲೆ ಆರಂಭವಾಗಿತ್ತು. ಅಮೃತಸರದಲ್ಲಿ 1887ರಲ್ಲಿ, ಪಾಳಯಂಕೋಟೆಯಲ್ಲಿ 1890ರಲ್ಲಿ, ಕಲ್ಕತ್ತೆಯಲ್ಲಿ 1897ರಲ್ಲಿ ಅಂಧರ ಶಾಲೆಗಳು ಆಗಲೇ ಹುಟ್ಟಿದ್ದುವು. ಇವುಗಳಲ್ಲಿ ಅಕ್ಷರ ಕಲಿಸುವ ಕ್ರಮ ಊರಿಂದೂರಿಗೆ ಬೇರೆಯಾಗಿತ್ತು. ಪ್ಯಾರಿಸ್ಸಿನ ಲೂಯಿ ಬ್ರೈಲನು ರಚಿಸಿದ ಆರು ಚುಕ್ಕಿಗಳನ್ನೇ ಒಬ್ಬೊಬ್ಬರು ಒಂದೊಂದು ಬಗೆಯಾಗಿ ನಮ್ಮ ಅಕ್ಷರಗಳಿಗೆ ಹೊಂದಿಸಿಕೊಂಡಿದ್ದುದರಿಂದ, ಒಂದು ಪ್ರಾಂತದ ಅಂಧನ ಬೆರಳು ಇನ್ನೊಂದು ಪ್ರಾಂತದ ಹಾಳೆಯ ಮೇಲೆ ನಿರಕ್ಷರವಾಗುತ್ತಿತ್ತು. ಭಾರತದ ಭಾಷೆಗಳೆಲ್ಲಕ್ಕೂ ಸಾಮಾನ್ಯವಾದ ಭಾರತೀ ಬ್ರೈಲ್ ಒಪ್ಪಿತವಾಗುವುದಕ್ಕೆ 1951ರ ವರೆಗೆ ಕಾಯಬೇಕಾಯಿತು. ಆದರೆ ಕಸುಬಿನ ವಿಷಯದಲ್ಲಿ ಮಾತ್ರ ಎಲ್ಲ ಊರುಗಳಿಗೂ ಒಂದೇ ಅಭಿಪ್ರಾಯವಿದ್ದಿತೆಂದು ತೋರುತ್ತದೆ: ಕುರುಡನಿಗೆ ಬೆತ್ತ.

ಬೆತ್ತದ ಕುರ್ಚಿ ಈಗಿನ ಹುಡುಗರಿಗೆ ವಸ್ತುಸಂಗ್ರಹಾಲಯದ ಪದಾರ್ಥವಾಗಿದೆಯಾದುದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ಆಸನದ ಚೌಕಟ್ಟಿನ ಸುತ್ತ ಅಂಗುಲಕ್ಕೆ ಸುಮಾರು ಎರಡರಂತೆ ತೂತು ಕೊರೆದಿರುತ್ತದೆ. ನೀರಿನಲ್ಲಿ ನೆನೆದು ಮೆತ್ತಗಾದ ಬೆತ್ತದ ಸೀಳನ್ನು ಕೈಗೆ ತೆಗೆದುಕೊಂಡವನು ಮೊದಲು ಹೆಬ್ಬೆರಳಿನಿಂದ ಅದರ ನುಣುಪಾದ ಮೈ ಯಾವುದು, ಒರಟು ಮೈ ಯಾವುದು ಎಂದು ತಿಳಿದು, ನುಣುಪನ್ನು ಮೇಲಕ್ಕೆ ಮಾಡಿ ಹಿಂದಿನಿಂದ ಮುಂದಕ್ಕೆ ಒಂದು ಸಾಲು ಎಳೆಯುತ್ತಾನೆ. ಅದರ ಮೇಲೆ ಎಡದಿಂದ ಬಲಕ್ಕೆ ಇನ್ನೊಂದು. ಮತ್ತೆ ಉದ್ದಕ್ಕೆ ಒಂದು. ನಾಲ್ಕನೆಯ ಸಾಲನ್ನು ಮೊದಲಿನವುಗಳ ಮೇಲೆ ಕೆಳಗೆ ನುಸುಳಿಸಿ ಹೆಣೆದು, ಕಡೆಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡು. ಎಳೆ ಜಾರದಂತೆ ತೂತಿಗೆ ಕಡ್ಡಿ ತುರುಕುತ್ತಾನೆ. ಎಲ್ಲವೂ ಮುಗಿದಾಗ ಆಸನದ ತುಂಬ ಎಂಟು ಮೂಲೆಯ ಪುಟ್ಟ ಕಿಂಡಿಗಳು ಒಂದೇ ಅಳತೆಯಲ್ಲಿ ಮೂಡಿರುತ್ತವೆ. ಒಂದು ತೂತು ತಪ್ಪಿ ಎಣಿಸಿದ್ದರೂ ಓರೆಯ ಸಾಲು ಅದನ್ನು ಬಯಲಿಗೆ ಎಳೆಯುತ್ತದೆ. ಸೆಕೆಯ ನಾಡಿನ ಕಛೇರಿಗಳಲ್ಲಿ, ಗಾಳಿಯಾಡುವ ಆ ಕುರ್ಚಿಗಳ ಮೇಲೆ ಗುಮಾಸ್ತರು ಕುಳಿತು ಕುಳಿತು ಅವು ಹರಿಯುವುದೂ, ಹರಿದವನ್ನು ಮತ್ತೆ ಹೆಣೆಯುವುದೂ ಮುಗಿಯದ ಕೆಲಸವಾಗಿದ್ದುದರಿಂದ, ಒಬ್ಬ ಅಂಧನು ಕಛೇರಿಯ ಹಿಂದಿನ ವರಾಂಡದಲ್ಲಿ ನೀರಿನ ತೊಟ್ಟಿಯ ಪಕ್ಕ ಕುಳಿತು ಮೂವತ್ತು ವರ್ಷ ದುಡಿದು ನಿವೃತ್ತನಾಗುವುದು ಸಾಧ್ಯವಿದ್ದಿತು.

ಆ ಕೈಗೆಲಸವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಅದನ್ನು ಆರಿಸಿದವರು ಯಾರು? ಕುರುಡನಿಗೆ ಕೈಯುಂಟು, ಕೈಗೆ ಬೆತ್ತವನ್ನು ಕೊಡೋಣ ಎಂದು ಕಣ್ಣುಳ್ಳವರು ತರ್ಕಿಸಿದರು. ಅವನಿಗೆ ಕಿವಿಯೂ ನೆನಪೂ ನಾಲಗೆಯೂ ಬುದ್ಧಿಯೂ ಇರಬಹುದೆಂಬುದು ಆ ತರ್ಕದೊಳಗೆ ಬರಲಿಲ್ಲ. ಹೀಗೆ ಒಂದೇ ಎಳೆಗೆ ಕಟ್ಟಿದ ಬದುಕು ಆ ಎಳೆಯೊಡನೆಯೇ ಹರಿಯಿತು. ಮೊದಲು ಬೆತ್ತದ ಜಾಗದಲ್ಲಿ ಪ್ಲಾಸ್ಟಿಕ್ ದಾರ ಬಂತು. ಬಳಿಕ ಸ್ಪಂಜಿನ ಮೆತ್ತೆ. ಬಳಿಕ ಅಚ್ಚಿನಲ್ಲಿ ಎರೆದು ತೆಗೆದ, ಹೆಣೆಯಬೇಕಾದ ಅಗತ್ಯವೇ ಇಲ್ಲದ ಕುರ್ಚಿ.

ಬೆತ್ತದ ಶಾಲೆಗಳ ಕಾಲದಲ್ಲಿಯೇ ಉತ್ತರ ಕರ್ನಾಟಕದಲ್ಲಿ ಬೇರೊಂದು ರೀತಿಯ ಪ್ರಯೋಗ ನಡೆಯಿತು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಕಣ್ಣಿಲ್ಲದೆ ಹುಟ್ಟಿದ ಹುಡುಗನೊಬ್ಬನ ಕಂಠವನ್ನು ಹಾನಗಲ್ಲ ಕುಮಾರಸ್ವಾಮಿಗಳು ಗುರುತಿಸಿ, ಪೋಷಿಸಿ, ಸಂಗೀತಕ್ಕೆ ಹಚ್ಚಿದರು. ಅವನೇ ಮುಂದೆ ಕರ್ನಾಟಕ ಹಿಂದೂಸ್ತಾನೀ ಪದ್ಧತಿಗಳೆರಡನ್ನೂ ಕರಗತಮಾಡಿಕೊಂಡು ಉಭಯಗಾನವಿಶಾರದರೆನಿಸಿದ ಪಂಚಾಕ್ಷರ ಗವಾಯಿಗಳು. ತಮ್ಮಂತಹ ಹುಡುಗರನ್ನು ಕೂಡಿಸಿಕೊಂಡು ಅವರು ನಡೆಸಿದ ಪಾಠಶಾಲೆಗೆ ಬಹುಕಾಲ ಗೋಡೆಯೇ ಇರಲಿಲ್ಲ. ಅದು ಊರಿಂದೂರಿಗೆ ಸಂಚರಿಸುತ್ತಿದ್ದ ಶಾಲೆ. ಮಠದ ಜಾತ್ರೆಯಲ್ಲಿ, ಪುರಾಣದ ಕಟ್ಟೆಯಲ್ಲಿ, ನಾಟಕದ ರಂಗದ ಮೇಲೆ ಹಾಡುತ್ತ, ಭಕ್ತರು ಕೊಟ್ಟ ಜೋಳವನ್ನುಣ್ಣುತ್ತ ಸಾಗಿದ ಅದು ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಯೂರಿತು. 1944ರಲ್ಲಿ ಗವಾಯಿಗಳು ಕಾಲವಾದ ಬಳಿಕ ಆ ಭಾರವನ್ನು ಹೊತ್ತವರು, 1914ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳು. 2010ರಲ್ಲಿ ದೇಹವನ್ನು ಬಿಡುವ ವರೆಗೆ ಹಾಡಿದರು, ಹಲವು ವಾದ್ಯಗಳನ್ನು ನುಡಿಸಿದರು, ಕನ್ನಡ ಸಂಸ್ಕೃತ ಹಿಂದಿಗಳಲ್ಲಿ ಬರೆದರು, ನಾಟಕದ ಕಂಪನಿಯನ್ನೂ ನಡೆಸಿದರು. ಜನ ಅವರನ್ನು ಅಜ್ಜಾರೆಂದು ಕರೆದು, ಊರೂರುಗಳಲ್ಲಿ ತಕ್ಕಡಿಯಲ್ಲಿ ಕುಳ್ಳಿರಿಸಿ ನಾಣ್ಯದಲ್ಲಿ ತೂಗಿದರು. ಆ ತುಲಾಭಾರದ ಹಣ ಆಶ್ರಮದ ಹುಡುಗರ ಅನ್ನವಾಯಿತು.

ಇಲ್ಲಿ ಎರಡು ವಿಷಯಗಳನ್ನು ನಾನು ಗಮನಿಸಿದ್ದೇನೆ. ಒಂದು, ಆ ಶಾಲೆ ಕುರುಡರಿಗೆ ಮಾತ್ರ ಮೀಸಲಾಗಿರಲಿಲ್ಲ. ಕಣ್ಣುಳ್ಳ ಬಸವರಾಜ ರಾಜಗುರುಗಳು ಪಂಚಾಕ್ಷರ ಗವಾಯಿಗಳ ಶಿಷ್ಯರು. ವೆಂಕಟೇಶಕುಮಾರರು ಪುಟ್ಟರಾಜರ ಶಿಷ್ಯರು. ನೋಡಬಲ್ಲವನು ನೋಡಲಾರದವನ ಪದತಲದಲ್ಲಿ ಕುಳಿತು ವಿದ್ಯೆಯನ್ನು ಬೇಡಿದ ಆ ಏರ್ಪಾಡು ಬೆತ್ತದ ಶಾಲೆಗಳಲ್ಲಿ ಎಂದೂ ಸಂಭವಿಸಲಾರದಾಗಿತ್ತು. ಎರಡನೆಯದು, ಆ ಕಸುಬು ಜನರ ರೂಢಿಯೊಳಗೆ ಮೊದಲೇ ಇದ್ದ ಒಂದು ಸ್ಥಾನವನ್ನು ಹಿಡಿದು ಬೆಳೆಯಿತು. ಪುರಾಣಕ್ಕೆ ಹಾಡುವವರು ಬೇಕು, ಭಜನೆಗೆ ಪೇಟಿ ಬಾರಿಸುವವರು ಬೇಕು, ಕಂಪನಿ ನಾಟಕಕ್ಕೆ ತಬಲ ಬೇಕು. ಬೇಡಿಕೆಯನ್ನು ಯಾರೂ ಹೊಸದಾಗಿ ನಿರ್ಮಿಸಬೇಕಾಗಿರಲಿಲ್ಲ. ಪೇಟಿಯ ವಿಷಯ ಬಂದುದರಿಂದ ಹೇಳುತ್ತೇನೆ: ಹಾರ್ಮೋನಿಯಂನ ಕರಿಯ ಪಟ್ಟಿಗಳು ಎರಡು ಒಟ್ಟಿಗೆ, ಮೂರು ಒಟ್ಟಿಗೆ ಎಂದು ಗುಂಪಾಗಿ ಉಬ್ಬಿ ನಿಂತಿರುವುದರಿಂದ, ಬೆರಳಾಡಿಸಿದ ಕೂಡಲೆ ಅಂಧನಿಗೆ ತಾನೆಲ್ಲಿದ್ದೇನೆಂಬುದು ತಿಳಿಯುತ್ತದೆ. ಯಾವ ದಯಾಳುವೂ ಅಂಧರಿಗಾಗಿ ಅದನ್ನು ಹಾಗೆ ಮಾಡಿದುದಲ್ಲ. ಆದರೂ ನಮ್ಮ ಯಾವ ಸರ್ಕಾರೀ ಕಟ್ಟಡವೂ ಅಷ್ಟು ಸ್ಪಷ್ಟವಾಗಿ ದಾರಿ ಹೇಳುವುದಿಲ್ಲ.

ಗದಗಿನ ರೈಲ್ವೆ ನಿಲ್ದಾಣದಲ್ಲಿ ನಾನೊಮ್ಮೆ ಅಂತಹ ಹುಡುಗರ ಸಾಲನ್ನು ಕಂಡೆ. ಒಬ್ಬೊಬ್ಬನ ಬಲಗೈ ಮುಂದಿನವನ ಹೆಗಲ ಮೇಲೆ. ಎಲ್ಲರಿಗೂ ಮುಂದಿದ್ದವನಿಗೆ ಒಂದು ಕಣ್ಣು ಮಬ್ಬಾಗಿ ಕಾಣುತ್ತಿತ್ತೆಂದು ತೋರುತ್ತದೆ. ಕೂಲಿಯೊಬ್ಬನು ತಲೆಯ ಮೇಲಿನ ಪೆಟ್ಟಿಗೆಯ ಸಹಿತ ಪಕ್ಕಕ್ಕೆ ಸರಿದು, ‘ಬರ್ರೀ ತಮ್ಮಾ, ಬರ್ರೀ, ಇಲ್ಲಿ ಪಾವಟಿಗಿ ಅದ’ ಎಂದನು. ಸಾಂಖ್ಯರು ಪ್ರಕೃತಿಪುರುಷರ ಸಂಬಂಧಕ್ಕೆ ಕುರುಡನ ಹೆಗಲೇರಿದ ಕುಂಟನ ದೃಷ್ಟಾಂತವನ್ನು ಕೊಡುತ್ತಾರೆ. ಪಂಗ್ವಂಧನ್ಯಾಯವೆಂದು ಪಂಡಿತರು ಅದನ್ನು ಎಷ್ಟು ಚರ್ಚಿಸಿದರೂ, ಆ ಇಬ್ಬರೂ ಹೋಗುತ್ತಿದ್ದ ದಾರಿಯಲ್ಲಿ ಪಾವಟಿಗೆಯಿದೆಯೆಂದು ಕೂಗಿ ಹೇಳಿದ ಮೂರನೆಯವನ ಪ್ರಸ್ತಾಪ ಎಲ್ಲಿಯೂ ಬರುವುದಿಲ್ಲ.

ಶಾಲೆಯೂ ಆಶ್ರಮವೂ ಇಲ್ಲದ ಊರುಗಳಲ್ಲಿ ಇದ್ದುದು ಜಗುಲಿ. ನಮ್ಮೂರಿನ ತೇರಿನ ಬೀದಿಯಲ್ಲಿ ಸಾಲುಮನೆಗಳ ಮುಂದೆ ಸೊಂಟದೆತ್ತರದ ಜಗುಲಿಗಳಿದ್ದುವು. ಅವುಗಳಲ್ಲೊಂದರ ಮೇಲೆ, ಕಂಬಕ್ಕೆ ಒರಗಿ, ಬಾಲ್ಯದಲ್ಲಿಯೇ ಎರಡು ಕಾಲುಗಳೂ ಸೊರಗಿಹೋಗಿದ್ದ ದರ್ಜಿಯೊಬ್ಬನು ಕುಳಿತಿರುತ್ತಿದ್ದನು. ಕಾಲಿನಿಂದ ತುಳಿಯುವ ಯಂತ್ರ ಅವನಿಗೆ ನಿರುಪಯುಕ್ತವಾದುದರಿಂದ ಬಲಗಡೆ ಹಿಡಿಯಿರುವ ಕೈಮಷೀನನ್ನು ಇಟ್ಟುಕೊಂಡಿದ್ದನು. ಒಂದು ಕೈ ತಿರುಗಿಸುತ್ತಿದ್ದಂತೆ ಇನ್ನೊಂದು ಕೈಯೊಂದೇ ಬಟ್ಟೆಯನ್ನು ನಡೆಸಬೇಕು. ತೋಳಿನ ತಿರುವಿನಲ್ಲಿ ಮಾತ್ರ ನಿಲ್ಲಿಸಿ, ಹಿಡಿಯನ್ನು ಬಿಟ್ಟು, ಎರಡು ಕೈಗಳಿಂದ ಮಡಿಕೆಯನ್ನು ತಿದ್ದಿ ಮತ್ತೆ ತಿರುಗಿಸುತ್ತಿದ್ದನು. ಬೆಳಗ್ಗೆ ಅವನ ಅಕ್ಕನ ಮಗ ಬೆನ್ನಮೇಲೆ ಹೊತ್ತುತಂದು ಕೂರಿಸಿದರೆ ಮುಗಿಯಿತು. ಮುಂದೆ ದಿನವೆಲ್ಲ ಊರೇ ಅವನ ಬಳಿಗೆ ಬರುತ್ತಿತ್ತು. ಬೀದಿಯಲ್ಲಿ ನಿಂತವರಿಗೂ ಜಗುಲಿಯ ಮೇಲೆ ಕುಳಿತವನಿಗೂ ಕಣ್ಣು ಒಂದೇ ಮಟ್ಟದಲ್ಲಿರುತ್ತಿದ್ದುದರಿಂದ, ಅವನಿಗೆ ನಡೆಯಲು ಬಾರದೆಂಬುದು ವ್ಯಾಪಾರದ ಹೊತ್ತಿನಲ್ಲಿ ಯಾರ ನೆನಪಿಗೂ ಬರುತ್ತಿರಲಿಲ್ಲ. ‘ಬೆಳೆಯೋ ಹುಡುಗ ಕಣಕ್ಕಾ, ಎರಡು ಬೆರಳು ಒಳಗಡೆ ಬಿಟ್ಟಿರ್ತೀನಿ’ ಎಂದು ನಮ್ಮ ತಾಯಿಗೆ ಹೇಳಿ, ಅಳತೆಪಟ್ಟಿಯನ್ನು ನನ್ನ ಎದೆಗೆ ಸುತ್ತುತ್ತಿದ್ದನು.

ರಸ್ತೆಯನ್ನು ಅಗಲಮಾಡುವ ಕಾಲ ಬಂದಾಗ ಆ ಸಾಲಿನ ಜಗುಲಿಗಳೆಲ್ಲ ಹೋದುವು. ಅವುಗಳ ಹಿಂದೆ ಎದ್ದ ಅಂಗಡಿಗಳಿಗೆ ಚರಂಡಿಯನ್ನು ದಾಟಿ ಮೂರು ಮೆಟ್ಟಿಲು ಹತ್ತಬೇಕು, ಮೇಲಿನಿಂದ ಇಳಿಯುವ ಕಬ್ಬಿಣದ ಬಾಗಿಲು, ಒಳಗೆ ಬಾಡಿಗೆ. ದರ್ಜಿಯು ಮನೆಯೊಳಗೇ ಉಳಿದನು. ಪರಿಹಾರವನ್ನು ಜಗುಲಿಯ ಒಡೆಯನಿಗೆ ಕೊಟ್ಟರು, ಅದು ನ್ಯಾಯವೇ. ಆದರೆ ಜಗುಲಿಯ ಮೇಲೆ ಕುಳಿತಿದ್ದವನ ಅನುಭೋಗಕ್ಕೆ ಯಾವ ಖಾತೆಯೂ ಇರಲಿಲ್ಲ.

ಸ್ವಾತಂತ್ರ್ಯಾನಂತರದ ಕಥೆಯನ್ನು ಬೇಗ ಹೇಳಿಬಿಡಬಹುದು. ಅದರ ಬಹುಭಾಗ ಗೆಜೆಟ್ಟಿನಲ್ಲಿದೆ. ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸಿಪಾಯಿಗಳಿಗಾಗಿ 1943ರಲ್ಲಿ ದೆಹರಾದೂನಿನಲ್ಲಿ ತೆರೆದ ಆಶ್ರಯವೇ 1950ರಲ್ಲಿ ವಯಸ್ಕ ಅಂಧರ ತರಬೇತಿ ಕೇಂದ್ರವಾಯಿತು. 1959ರಲ್ಲಿ ಮುಂಬಯಿಯಲ್ಲಿ ಅಂಗವಿಕಲರಿಗೆಂದೇ ಒಂದು ಉದ್ಯೋಗ ವಿನಿಮಯ ಕೇಂದ್ರ ಆರಂಭವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ, ತಾವೇ ಪೋಲಿಯೋ ಪೀಡಿತರಾಗಿ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಎನ್. ಎಸ್. ಹೇಮಾ ಅವರು ಒಂದು ಸಂಸ್ಥೆಯನ್ನು ಕಟ್ಟಿ, ಕಾಲಕ್ರಮದಲ್ಲಿ ಯಂತ್ರದ ಕೆಲಸದಿಂದ ತೋಟಗಾರಿಕೆಯ ವರೆಗೆ ತರಬೇತಿಯನ್ನು ವಿಸ್ತರಿಸಿದರು. 1977ರಲ್ಲಿ ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 3ರ ಮೀಸಲಾತಿ, 1995ರ ಕಾಯಿದೆಯಲ್ಲಿ ಅದಕ್ಕೆ ಶಾಸನದ ಬಲ, 2016ರ ಕಾಯಿದೆಯಲ್ಲಿ ನೂರಕ್ಕೆ 4. ಊನತೆಯ ಬಗೆಗಳು ಏಳಿದ್ದುವು ಇಪ್ಪತ್ತೊಂದಾದುವು. ಸಂವಿಧಾನದ 41ನೆಯ ಅನುಚ್ಛೇದವು ದುಡಿಮೆಯ ಹಕ್ಕಿನ ಮಾತನ್ನೆತ್ತುವಾಗ ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂದು ಒಂದು ನುಡಿಗಟ್ಟನ್ನು ಇಟ್ಟಿದೆ. 1995ರ ಕಾಯಿದೆಯು ಇಳಿಜಾರು ದಾರಿಗಳ ಮಾತನ್ನಾಡುವಾಗಲೂ ಅದೇ ನುಡಿಗಟ್ಟನ್ನು ಜೇಬಿನಿಂದ ತೆಗೆದು ಮುಂದೆ ಹಿಡಿಯಿತು. 2016ರದು ಅದನ್ನು ಬಿಟ್ಟು, ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಸುಗಮಗೊಳಿಸತಕ್ಕದ್ದೆಂದು ಗಡುವು ಹಾಕಿತು. ನಿಯಮಗಳು ಬಂದುದು 2017ರಲ್ಲಿ. ಗಡುವು ಮುಗಿದು ವರ್ಷಗಳಾದುವು.

ಈ ಎಲ್ಲ ಶಾಸನಗಳಿಗಿಂತ ಕೌಟಿಲ್ಯನ ದಾಸಿಯರಿಗೆ ಹತ್ತಿರದ ಸಂಬಂಧಿಯಾಗಿ ನನಗೆ ತೋರಿದುದು ಅಂಗವಿಕಲರಿಗೆಂದು ಮಾಡದ ಬೇರೊಂದು ಕಾಯಿದೆ. 2005ರ ಉದ್ಯೋಗ ಖಾತರಿಯಲ್ಲಿ ಕೆಲಸವನ್ನು ಕೇಳಿದವರ ಹಳ್ಳಿಯಿಂದ ಐದು ಕಿಲೋಮೀಟರಿನೊಳಗೆ ಕೊಡತಕ್ಕದ್ದು, ಮೀರಿದರೆ ನೂರಕ್ಕೆ 10ರಷ್ಟು ಹೆಚ್ಚು ಕೂಲಿ ಎಂದು ಇದ್ದಿತು. ಬಾಗಿಲಿಗೂ ಕೆಲಸಕ್ಕೂ ನಡುವಿನ ದೂರವನ್ನು ಅಳೆದು, ಅದಕ್ಕೊಂದು ಬೆಲೆ ಕಟ್ಟಿ, ಆ ಬೆಲೆಯನ್ನು ಕೊಡಬೇಕಾದುದು ಕೆಲಸ ಕೊಡುವವನೇ ಹೊರತು ಮಾಡುವವನಲ್ಲ ಎಂದು ಬರೆದವರು ಯಾರೇ ಇರಲಿ, ಸೂತ್ರಾಧ್ಯಕ್ಷನ ಪ್ರಕರಣವನ್ನು ಓದದೆಯೂ ಅದರ ಸಾರವನ್ನು ಹಿಡಿದಿದ್ದರು. ಗುದ್ದಲಿ ಹಿಡಿಯಲಾರದವರಿಗೆಂದು, ಕೂಲಿಯವರಿಗೆ ನೀರು ಕೊಡುವ, ಕೂಸುಗಳನ್ನು ನೋಡಿಕೊಳ್ಳುವ ಕೆಲಸಗಳೂ ಅದರಲ್ಲಿ ಇದ್ದುವು.

ಹೋದ ವರ್ಷ ಹಳ್ಳಿಯ ಕಛೇರಿಯೊಂದಕ್ಕೆ ಪಹಣಿಯ ಕೆಲಸಕ್ಕಾಗಿ ಹೋಗಿದ್ದೆ; ಊರಿನ ಹೆಸರು ಇಲ್ಲಿ ಅನಾವಶ್ಯಕ. ಬಾಗಿಲಿಗೆ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಅಡಿಗೆ ಹನ್ನೆರಡು ಅಡಿಯ ಲೆಕ್ಕದಲ್ಲಿ ಅಲ್ಲಿ ಹದಿನೆಂಟು ಅಡಿ ಉದ್ದದ ಇಳಿಜಾರಿರಬೇಕು. ಜಾಗವಿಲ್ಲದೆ ಐದೇ ಅಡಿಯಲ್ಲಿ ಮುಗಿಸಿದ್ದರು. ಗಾಲಿಕುರ್ಚಿಯಿರಲಿ, ಮೇಕೆಯೂ ಅದರ ಮೇಲೆ ಯೋಚಿಸಿ ಕಾಲಿಡುವಂತಿತ್ತು. ಪಕ್ಕದ ಕಂಬಿಗೆ ಬಿಳಿ ನೀಲಿ ಬಣ್ಣವನ್ನು ಮಾತ್ರ ಚೊಕ್ಕಟವಾಗಿ ಬಳಿದು, ಬುಡದಲ್ಲಿ ಎರಡು ಸ್ಕೂಟರುಗಳನ್ನು ನಿಲ್ಲಿಸಿದ್ದರು. ಬೇವಿನ ಮರದ ನೆರಳಿನಲ್ಲಿ ಮೂರು ಗಾಲಿಯ ಸೈಕಲ್ಲಿನ ಮೇಲೆ ವೃದ್ಧನೊಬ್ಬನು, ಮೊಣಕಾಲಿನ ಕೆಳಗೆ ಮಡಿಸಿ ಗಂಟುಹಾಕಿದ ಪಂಚೆಯ ಮೇಲೆ ಕಾಗದದ ಚೀಲವನ್ನಿಟ್ಟುಕೊಂಡು ಕುಳಿತಿದ್ದನು.

ಈ ರಾಜ್ಯದಲ್ಲಿ ಗ್ರಾಮಪಂಚಾಯಿತಿಗೊಬ್ಬರಂತೆ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ವಿಆರ್‌ಡಬ್ಲ್ಯೂ ಎಂದರೆ ಹಳ್ಳಿಯವರಿಗೆ ತಿಳಿಯುತ್ತದೆ. ಅವರನ್ನು ಆಯುವುದು ಅಂಗವಿಕಲರೊಳಗಿನಿಂದಲೇ. ಅವರಿಗೆ ಸಲ್ಲುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನವೆಂದು ಹೆಸರು. ಅಲ್ಲಿದ್ದಾಕೆ ಇಪ್ಪತ್ತೈದು ವರ್ಷ ವಯಸ್ಸಿನ ಹೆಂಗಸು, ಎಡಗಾಲಿಗೆ ಕಬ್ಬಿಣದ ಪಟ್ಟಿಯ ಬೂಟು. ಆಕೆ ದಪ್ಪ ರಿಜಿಸ್ಟರನ್ನು ಕಂಕುಳಲ್ಲಿ ಅವುಚಿಕೊಂಡು, ಮಸಿಯ ಪೆಟ್ಟಿಗೆಯನ್ನು ಸೆರಗಿನ ತುದಿಯಲ್ಲಿ ಹಿಡಿದು, ಇಳಿಜಾರನ್ನು ಬಿಟ್ಟು ಮೆಟ್ಟಿಲುಗಳನ್ನೇ ಒಂದೊಂದಾಗಿ ಬಲಗಾಲಿನ ಮೇಲೆ ಇಳಿದಳು. ‘ಅಲ್ಲೇ ಇರಿ ತಾತಾ, ನಾನೇ ಬಂದೆ’ ಎಂದಳು. ಸೈಕಲ್ಲಿನ ಹಿಡಿಯ ಮೇಲೆ ರಿಜಿಸ್ಟರನ್ನು ಬಿಚ್ಚಿಟ್ಟು, ಅವನ ಹೆಬ್ಬೆರಳನ್ನು ತಾನೇ ಹಿಡಿದು ಮಸಿಗೆ ಒತ್ತಿ, ಗೆರೆಗಳು ಕಲಸದಂತೆ ಮೆಲ್ಲಗೆ ಹೊರಳಿಸಿ ಕಾಗದದ ಮೇಲೆ ಇಟ್ಟಳು. ಮುದುಕನು ಬೆರಳನ್ನೊಮ್ಮೆ ನೋಡಿ, ಉಳಿದ ಮಸಿಯನ್ನು ತಲೆಯ ನರೆಗೂದಲಿಗೆ ಒರಸಿಕೊಂಡನು.